ಕುಗ್ಗಿದ ಕೆಂಪು ಕೋಟು

ಇಸ್ತ್ರಿಯವನು ಕೆಂಪು ಕೋಟನ್ನು ಕುದಿಯುವ ನೀರಿಗೆ ಅದ್ದಿದ. ಉಣ್ಣೆಯನ್ನು ಕುದಿಸಿದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪರಂಗಿಯವರಿಗೆ ತಲೆಬಾಗದ ಹಳೆಯ ರಾಜನ ಉತ್ಸವದಲ್ಲಿ ಪ್ರತಿವರ್ಷ ಒಂದು ನಾಟಕ. ಪರಂಗಿ ಅಧಿಕಾರಿಯ ಕೋಟು ಇಸ್ತ್ರಿಯವನೊಬ್ಬನಿಗೇ ಸರಿಹೋಗುತ್ತಿದ್ದರಿಂದ ಆ ವೇಷ ಅವನಿಗೇ ಗಂಟುಬಿದ್ದಿತ್ತು. ಆಟ ಮುಗಿದ ಮೇಲೆ ಅವನಿಗೆ ಟೊಮೇಟೊ, ಮೊಟ್ಟೆಗಳ ಏಟು. ವರ್ಷವಿಡೀ ಶಾಲೆಯಲ್ಲಿ ಮಗಳಿಗೆ 'ಪರಂಗಿ ಮರಿ' ಎಂಬ ಹೆಸರು.

"ಈ ಸಲ ನೀನು ರಾಜ ಆಗ್ದೇ ಇದ್ರೆ ನಾನು ನೋಡೋಕೆ ಬರಲ್ಲಪ್ಪ" ಎಂದುಬಿಟ್ಟಿದ್ದಳು ಅವಳು.

ಬೆಳಿಗ್ಗೆ ಕೋಟು ನೋಡಿ ಸಮಿತಿಯ ಅಧ್ಯಕ್ಷರ ಮುಖ ಹಿಂಡಿದ ಬಟ್ಟೆಯಂತಾಯಿತು.

"ಏನಯ್ಯಾ ಇದು, ಗೊಂಬೆಗೆ ಹೊಲಿಸಿದ್ದಾ?"

"ಮೊಟ್ಟೆ ಕಲೆ ಸಾರ್, ಬಿಡಲೇ ಇಲ್ಲ."

ಅದೀಗ ಸರಿಹೋಗುತ್ತಿದ್ದುದು ಕಡ್ಡಿಯಂಥ ಕ್ಷೌರಿಕನೊಬ್ಬನಿಗೇ. ಇಷ್ಟು ವರ್ಷ ರಾಜನಾಗಿದ್ದವನು ಅವನೇ; ಈಗ ಆ ವೇಷ ಇಸ್ತ್ರಿಯವನ ಪಾಲಾಯಿತು.

"ನನ್ನ ಕಿರೀಟಾನೇ ಕಿತ್ಕೊಂಡ್ಯಲ್ಲೋ, ಪಾಪಿ!"

"ಏಟು ತಪ್ಪಿಸ್ಕೊಳ್ಳೋ ದಾರಿ ಹೇಳ್ತೀನಿ ಕೇಳು" ಎಂದು ಇಸ್ತ್ರಿಯವನು ಸಮಾಧಾನಪಡಿಸಿದ. "ಕೊನೇ ಮಾತು ಮುಗಿದಿದ್ದೇ ತಡ, ಹಿಂದಿನ ಗಲ್ಲೀಲಿ ಓಡು. ಯಾರು ಕೂಗಿದ್ರೂ ತಿರುಗಿ ನೋಡ್ಬೇಡ. ಸಿಕ್ಕಿದ ಬಸ್ ಹತ್ತಿಬಿಡು."

ಮಧ್ಯಾಹ್ನ ಅಧ್ಯಕ್ಷರಿಗೆ ಹೊಸ ಹುರುಪು ಬಂತು. "ಬರೀ ಕತ್ತಿ ಬೀಸಿದ್ದೇ ಆಯ್ತು. ಈ ಸಲ ರಾಜನ್ನ ಪಂಜರಕ್ಕೆ ಹಾಕೋಣ. ಜನ ಅಳಬೇಕು!"

ವೆಲ್ಡಿಂಗಿನವನು ಕಬ್ಬಿಣದ ಪಂಜರ ತಂದಿಳಿಸಿದ.

"ಬೀಗ ಸುಮ್ನೆ ನೇತುಹಾಕಿದ್ರೆ ಸಾಕಲ್ವಾ ಸಾರ್?" ಎಂದ ಇಸ್ತ್ರಿಯವನು.

"ನಾಟಕ ಅಂದ್ಮೇಲೆ ನಿಜ ಅನ್ನಿಸ್ಬೇಕಯ್ಯಾ."

ಕ್ಷೌರಿಕ ತನ್ನ ಅಂಗಡಿಯ ಬೀಗವನ್ನೇ ತಂದುಕೊಟ್ಟ, ಬಹಳ ಸಂತೋಷದಿಂದ.

ಸಂಜೆ ಅವನು ಪಂಜರಕ್ಕೆ ಬೀಗ ಜಡಿದು ಕೀಲಿಯನ್ನು ಕೋಟಿನ ಜೇಬಿಗಿಳಿಸಿದ. ರಾಜ ಒಳಗಿನಿಂದಲೇ ಗುಡುಗಿದ: "ನನ್ನ ಮೈ ನಿಮ್ಮ ಸೆರೆಯಾಗಬಹುದು, ಈ ನೆಲ ಎಂದಿಗೂ ಆಗದು!"

ಜನ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಮಗಳು ಪಕ್ಕದ ಹುಡುಗಿಯನ್ನು ತಿವಿದು, "ನಮ್ಮಪ್ಪ ಕಣೇ" ಎಂದಳು. ಅವನ ಎದೆ ಪಂಜರದ ಸರಳು ಮುರಿಯುವಷ್ಟು ಉಬ್ಬಿತು.

ಕ್ಷೌರಿಕ ತನ್ನ ಕೊನೆಯ ಮಾತು ಮುಗಿಸಿದ. ಮೊದಲ ಟೊಮೇಟೊ ಬೀಸಿದವಳು ಮಗಳೇ.

"ನಮ್ಮಪ್ಪನ್ನೇ ಕೂಡಿಹಾಕ್ತೀಯಾ? ಹಿಡೀರೋ ಅವನನ್ನ!"

ಸಭೆಗೆ ಸಭೆಯೇ ಎದ್ದಿತು. ಕ್ಷೌರಿಕ ಒದ್ದೆ ಸೋಪಿನಂತೆ ಎಲ್ಲರ ಕೈಯಿಂದ ಜಾರಿ ಹಿಂದಿನ ಗಲ್ಲಿಗೆ ನುಗ್ಗಿದ.

"ಲೋ, ಕೀಲಿ! ಕೀಲಿ ಕೊಟ್ಟು ಹೋಗೋ!" ಎಂದು ಪಂಜರದಿಂದ ರಾಜ ಕೂಗಿದ.

ಕ್ಷೌರಿಕ ಹೇಳಿಸಿಕೊಂಡ ಪಾಠವನ್ನು ಮರೆತಿರಲಿಲ್ಲ. ತಿರುಗಿ ನೋಡಲಿಲ್ಲ. ಬಸ್ಸು ಹೊರಟ ಸದ್ದು ಕೇಳಿಸಿತು. ಅದರ ಬೆನ್ನಿಗೇ ಊರೆಲ್ಲ ಓಡಿತು, ಎಲ್ಲರಿಗಿಂತ ಮುಂದೆ ಮಗಳು, ಹಿಂದೆ ಏದುಸಿರು ಬಿಡುತ್ತ ಅಧ್ಯಕ್ಷರು.

ಖಾಲಿ ಕುರ್ಚಿಗಳೆದುರು ರಾಜ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಯಾರಾದ್ರೂ ಈ ಬಾಗಿಲು ತೆಗೀರಪ್ಪಾ."