ಕಾಕಾನ ಮೋಟಾರು ಹೆಜ್ಜೆ ತಪ್ಪಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ಸಂಗತಿ ಹಿಂದುಮುಂದಾಗಿರಬಹುದು. ನನ್ನ ನೆನಪು ಒಂದು ಹೇಳುತ್ತದೆ, ಅವ್ವ ಇನ್ನೊಂದು ಹೇಳುತ್ತಾಳೆ. ಕಾಕಾನನ್ನು ಕೇಳಿದರೆ ಎರಡಕ್ಕೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಾರು. ಆದರೆ ಒಂದು ಮಾತಿಗೆ ನಮ್ಮ ಇಡೀ ವಾಡಿ ಊರೇ ಸಾಕ್ಷಿ: ಮೋಟಾರಿಗೆ ಹಿಂದಿಯಲ್ಲಿ ಪಾಠ ಹೇಳಿದ ಮನುಷ್ಯ ಈ ಭೂಮಿಯ ಮೇಲೆ ನಮ್ಮ ಕಾಕಾ ಒಬ್ಬರೇ!

ಕಾಕಾ ಅಂದರೆ ಅಪ್ಪನ ತಮ್ಮ, ನಿವೃತ್ತ ಹಿಂದಿ ಮಾಸ್ತರು. ಕಾಕಿ ತೀರಿಕೊಂಡ ಮೇಲೆ ಅವರ ಮನೆಗೆ ಪಾರ್ಸಲ್ಲುಗಳು ಬರತೊಡಗಿದವು. ಎಲ್ಲ ಬಿಚ್ಚಿ ಜೋಡಿಸಿದಾಗ, ಕಂಪ್ಯೂಟರ್ ಹೇಳಿದಂತೆ ಕಲ್ಲು ಕೊರೆಯುವ ಒಂದು ಪುಟ್ಟ ಯಂತ್ರ ನಡುಮನೆಯಲ್ಲಿ ನಿಂತಿತು. ಕಾಕಿಯ ವರ್ಷದ ಪುಣ್ಯತಿಥಿಗೆ ಸಮಾಧಿಯ ಮೇಲೆ ಹೆಸರಿನ ಕಲ್ಲು ಕೂರಬೇಕು, ಅದನ್ನು ತಾವೇ ಕೊರೆಯಬೇಕು ಎಂದು ಅವರ ಹಟ.

"ಶಹಾಬಾದದಾಗ ಕಲ್ಲು ಕೆತ್ತೋರೆಲ್ಲ ಸತ್ತಾರೇನ್ರಿ?" ಎಂದಳು ಅವ್ವ.

"ಆಕಿ ಹೆಸರಿಗೆ ಬ್ಯಾರೆಯವರು ಯಾಕ ಉಳಿ ಹಚ್ಚಬೇಕು, ವೈನಿ?" ಅತ್ತಿಗೆಗೆ ಕಾಕಾನ ಉತ್ತರ.

ಈ ಯಂತ್ರದ ಸ್ಟೆಪ್ಪರ್ ಮೋಟಾರು ಫ್ಯಾನಿನ ಹಾಗೆ ಗಿರ್ರನೆ ತಿರುಗುವುದಲ್ಲ. ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಒಂದು ಮಿಲಿಮೀಟರಿಗೆ ಎಷ್ಟು ಹೆಜ್ಜೆ, ಎಷ್ಟು ವೇಗ, ಎಷ್ಟು ಕರೆಂಟು, ಎಲ್ಲ ನಾವೇ ಹೇಳಿಕೊಡಬೇಕು. ಕರೆಂಟು ಕಡಿಮೆಯಾದರೆ ಹೆಜ್ಜೆ ತಪ್ಪುತ್ತದೆ, ಹೆಚ್ಚಾದರೆ ಕಾದು ಬಿಸಿಯಾಗುತ್ತದೆ. ಕಾದದ್ದನ್ನು ತಿಳಿಯಲು ಕಾಕಾ ಕಂಡುಕೊಂಡ ಉಪಾಯವೇನು ಗೊತ್ತೇ? ಮನೆಗೆ ಬಂದವರು ನೀರು ಕುಡಿಯುವ ಮೊದಲು ಮೋಟಾರು ಮುಟ್ಟಬೇಕು!

ಒಮ್ಮೆ ನನ್ನ ಜೊತೆ ನಮ್ಮ ಕಾಲೇಜಿನ ಪ್ರಿನ್ಸಿಪಾಲ್ ಮೇಡಂ ಬಂದಿದ್ದರು. ಚಪ್ಪಲಿ ಬಿಡುವಷ್ಟರಲ್ಲಿ ಅವರ ಕೈ ಮೋಟಾರಿನ ಮೇಲಿತ್ತು.

"ಬಿಸಿ ಅದರಿ," ಎಂದರು ಪಾಪ.

"ಎಷ್ಟು ಬಿಸಿರಿ? ಜ್ವರ ಬಂದವರ ಹಣಿಯಷ್ಟೋ, ಚಹಾದ ಕಪ್ಪಿನಷ್ಟೋ?"

"ಚಹಾ ಇನ್ನೂ ಕೊಟ್ಟೇ ಇಲ್ಲಲ್ರಿ ಮಾಸ್ತರ್!"

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತ ನಿಂತೆ. ಇನ್ನೆಲ್ಲಿ ಮುಖ ಇಡಲಿ?

ಇಷ್ಟಾದರೂ ಹೆಸರು ಮಾತ್ರ ನೆಟ್ಟಗೆ ಮೂಡಲೊಲ್ಲದು. ಮೊದಲಿನ ಅಕ್ಷರಗಳು ಚೆಂದ. ನಡುವೆ ಒಂದು ಕಡೆ ಯಂತ್ರ ತಡವರಿಸುತ್ತಿತ್ತು, ಅಲ್ಲಿಂದ ಮುಂದಿನ ಅಕ್ಷರಗಳೆಲ್ಲ ಒಂದು ಬೆರಳು ಕೆಳಗೆ! ಪ್ರತಿ ಕಲ್ಲಿನಲ್ಲೂ ಅದೇ ಅಕ್ಷರದ ಹತ್ತಿರ. ಕಾಕಾ ಕರೆಂಟು ಏರಿಸಿದರು, ಇಳಿಸಿದರು, ಹಿಂದಿಯಲ್ಲಿ ಬೈದರು. "ಕದಮ್ ಮಿಲಾಕೇ ಚಲೋ, ನಾಲಾಯಕ್!" ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡಿ ಎಂದರೂ ಮೋಟಾರು ಹಿಂದಿಯಲ್ಲೂ ನಪಾಸು.

ಕೆಟ್ಟ ಕಲ್ಲುಗಳನ್ನು ಎಸೆಯಲು ಮನಸ್ಸು ಬಾರದೆ ಓಣಿಗೆ ಹಂಚಿದರು. ಶಹಾಬಾದಿನ ಫರಸಿ ಕಲ್ಲು ಪುಕ್ಕಟೆ ಸಿಕ್ಕರೆ ಯಾರು ಬೇಡವೆನ್ನುತ್ತಾರೆ? ಒಂದು ರಜಾಕ್ ಭಾಯಿಯ ಪಂಕ್ಚರ್ ಅಂಗಡಿಗೆ ಮೆಟ್ಟಿಲಾಯಿತು, ಇನ್ನೊಂದು ಎದುರುಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಯಿತು.

ಅವ್ವ ಉರಿದುಬಿದ್ದಳು. "ನಮ್ಮ ಮನಿ ಸೊಸಿ ಹೆಸರಿನ ಮ್ಯಾಲ ಮಂದಿ ಚಡ್ಡಿ ಒಗಿಲಿಕತ್ತಾರ!"

"ಬರದದ್ದು ಕೆಳಗ ಮಾಡಿ ಹಾಕ್ರಿ ಅಂತ ಹೇಳೀನಲ್ಲ, ವೈನಿ."

ಆ ಓಣಿಯಲ್ಲಿ ನಾನು ತಲೆ ಎತ್ತಿ ನಡೆಯುವುದನ್ನೇ ಬಿಟ್ಟೆ. ನೆಲ ನೋಡುತ್ತ ನಡೆದರೆ ಅಲ್ಲಿಯೂ ಕಾಕಿ ಇರಬಹುದೆಂಬ ಹೆದರಿಕೆ.

ಪುಣ್ಯತಿಥಿ ಹತ್ತಿರ ಬಂತು. ಕೆಲಸಕ್ಕೆ ಕೈ ಜೋಡಿಸಲು ಚಂದ್ರಂಪಳ್ಳಿಯಿಂದ ಕಾಕಿಯ ತಂಗಿ ಬಂದರು. ಅಂದು ಮಧ್ಯಾಹ್ನ ಯಂತ್ರ ಕೊರೆಯುತ್ತಿತ್ತು. ಆಕೆ ಸಜ್ಜಿ ರೊಟ್ಟಿಯ ತಾಟು ಹಿಡಿದು ಬರುತ್ತಿದ್ದವರು "ಯವ್ವಾ!" ಎಂದು ಚೀರಿದರು. ತಾಟು ಬಿತ್ತು, ರೊಟ್ಟಿ ಉರುಳಿದವು.

"ಏನಾತು?" ಎಂದೆವು ಎಲ್ಲರೂ.

"ಏನಾತು ಅಂತೀರಲ್ಲ! ನೆಲ ನಡಗಿತು, ನಿಮಗ ತಿಳೀಲಿಲ್ಲೇನು?"

"ಅದಾ? ಗಣಿ ಬ್ಲಾಸ್ಟಿಂಗ್," ಅವ್ವ ನಕ್ಕಳು. "ದಿನಾ ಈ ಹೊತ್ತಿಗೆ ಆಗ್ತದ. ನಿಮ್ಮಕ್ಕನೂ ಹಿಂಗ ಬೆಚ್ಚಿಬೀಳ್ತಿದ್ದಳು."

ಕಾಕಾ ನಗಲಿಲ್ಲ. ಅವರು ಯಂತ್ರವನ್ನು ನೋಡುತ್ತಿದ್ದರು. ನೆಲ ಅದುರಿದಾಗ ಕಲ್ಲಿನಲ್ಲಿ ಸಿಕ್ಕ ಮೊನೆ ತಡವರಿಸಿ, ಹೆಸರು ಆಗಲೇ ಒಂದು ಬೆರಳು ಕೆಳಗೆ ಇಳಿದಿತ್ತು. ಮಾಸ್ತರರಲ್ಲವೇ! ದಿನವೂ ಪೂಜೆ ಮುಗಿಸಿ ಒಂದೇ ಹೊತ್ತಿಗೆ ಯಂತ್ರ ಹಚ್ಚುತ್ತಿದ್ದರು. ಅದಕ್ಕೇ ಬ್ಲಾಸ್ಟಿಂಗ್ ಹೊತ್ತಿಗೆ ದಿನವೂ ಅದೇ ಅಕ್ಷರ. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದ ನಮಗೆ ಅದು ಕೇಳಿಸುವುದನ್ನೇ ಬಿಟ್ಟಿತ್ತು.

ಕಾಕಿಗೆ ಮಾತ್ರ ಕೊನೆಯವರೆಗೂ ಅದು ರೂಢಿಯಾಗಲಿಲ್ಲ. ದಿನವೂ ಬೆಚ್ಚುತ್ತಿದ್ದರು, ದಿನವೂ ನಾವು ನಗುತ್ತಿದ್ದೆವು. ಕಾಕಾ ಮನೆಯಲ್ಲಿದ್ದರೆ ಆ ಹೊತ್ತಿಗೆ ಸರಿಯಾಗಿ ಬಂದು, ಆಕೆಯ ಕೈಯ ಪಾತ್ರೆ ಇಸಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ಹೌದೇ? ಇಲ್ಲಾ ಇದು ನಾನೀಗ ಹೆಣೆದುಕೊಂಡದ್ದೇ? ಖಾತ್ರಿಯಿಲ್ಲ.

ಉಳಿದದ್ದು ಒಂದೇ ಕಲ್ಲು, ಒಂದೇ ದಿನ. "ನಾಳಿ ಬ್ಲಾಸ್ಟಿಂಗ್ ಮುಗದ ಮ್ಯಾಲ ಹಚ್ಚರಿ, ಮುಗೀತು," ಎಂದಳು ಅವ್ವ. ಕಾಕಾ ತಲೆಯಾಡಿಸಿದರು.

ಪುಣ್ಯತಿಥಿಯ ದಿನ ಸಮಾಧಿಯ ಮೇಲಿನ ಬಟ್ಟೆ ಸರಿಸಿದಾಗ ಬೀಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರು ಅದೇ ಅಕ್ಷರದ ಹತ್ತಿರ ಒಂದು ಬೆರಳು ಕೆಳಗೆ ಇಳಿದಿತ್ತು. ಅವ್ವ ನಾಚಿ, ಗಡಿಬಿಡಿಯಿಂದ ಚೆಂಡುಹೂವಿನ ಮಾಲೆ ಅಡ್ಡ ಹಾಕಿದಳು. ನಾನು ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಮುಖ ತಿರುಗಿಸಿದೆ. ಕಾಕಾ ಮುಂದೆ ಬಾಗಿ, ಆ ಅಕ್ಷರದ ಮೇಲಿನ ಮಾಲೆಯನ್ನಷ್ಟೇ ಪಕ್ಕಕ್ಕೆ ಸರಿಸಿ, ಅಲ್ಲಿ ಅಂಗೈ ಊರಿ ಕುಳಿತರು.

ಎಲ್ಲರೂ ಹೋದ ಮೇಲೆ ಅವರ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದೆ.

"ಕಾಕಾ, ಬ್ಲಾಸ್ಟಿಂಗ್ ಮುಗಿಯೋತನ ನೀವು ಕಾಯಲಿಲ್ಲ, ಹೌದಲ್ಲರಿ?"