ಅಂಬಿಗನ ಕಾರ್ಡು

ಅನಾಹುತಕ್ಕೆಲ್ಲ ಮೂಲ ನಡುಮನೆಯ ಫ್ಯಾನು. ಅದು ಕೆಟ್ಟಿರಲಿಲ್ಲ. ಚೆನ್ನಾಗಿ ತಿರುಗುತ್ತಿತ್ತು, ಅದೇ ಅದರ ದೋಷ. ತಿರುಗಿದರೆ ಗೋಡೆಯ ಮೇಲಿನ ಕಾರ್ಡುಗಳು ಹಾರುತ್ತವೆಂದು ಟೈಮ್‌ಕೀಪರ್ ಅದರ ಸ್ವಿಚ್ಚಿಗೆ ಟೇಪು ಅಂಟಿಸಿ ವರ್ಷಗಳೇ ಆಗಿದ್ದವು. ಆ ಮನೆಗೆ ಬಂದ ನೆಂಟರು ಮಾತಾಡುವುದಕ್ಕಿಂತ ಬೀಸಿಕೊಳ್ಳುವುದೇ ಹೆಚ್ಚಾಗಿತ್ತು.

ಟೈಮ್‌ಕೀಪರ್ ಎಂದರೆ ಬಸ್ ಡಿಪೋದಲ್ಲಿ ಯಾವ ಬಸ್ಸು ಯಾವಾಗ ಬಂತು, ಯಾವಾಗ ಹೋಯಿತು ಎಂದು ಬರೆದುಕೊಳ್ಳುವ ಮನುಷ್ಯ. ಮನೆಯಲ್ಲೂ ಅವನದು ಅದೇ ಕೆಲಸ, ಆದರೆ ಬಸ್ಸುಗಳದ್ದಲ್ಲ. ಒಂದು ದ್ವೀಪದ ಕತೆ ಹೇಳುವ ವಿಡಿಯೋ ಗೇಮುಗಳ ಸರಣಿಯೊಂದಿತ್ತು. ಆಟಗಳು ಬಂದದ್ದು ಒಂದು ಕ್ರಮದಲ್ಲಿ, ಕತೆ ನಡೆದದ್ದು ಇನ್ನೊಂದು ಕ್ರಮದಲ್ಲಿ. ಮೂರನೆಯ ಆಟದಲ್ಲಿ ಸತ್ತ ರಾಣಿ ಐದನೆಯದರಲ್ಲಿ ತೊಟ್ಟಿಲಲ್ಲಿ ಮಲಗಿ ಅಳುತ್ತಿದ್ದಳು. ಯಾವುದರ ಹಿಂದೆ ಯಾವುದು ಎಂದು ಪತ್ತೆಹಚ್ಚಿ, ಘಟನೆಗೊಂದು ಚಿತ್ರದ ಕಾರ್ಡು ಮಾಡಿ, ಟೇಪಿನ ಚೂರಿನಿಂದ ಗೋಡೆಗೆ ಎಡದಿಂದ ಬಲಕ್ಕೆ ತಗುಲಿಸುವುದು ಅವನ ವ್ರತ. ಗೋಡೆಯ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕುತ್ತಿದ್ದ. ಆಟದ ಅಭಿಮಾನಿಗಳು ಅಲ್ಲಿ ಕೂಡಿ ಕೈಕೈ ಮಿಲಾಯಿಸುವುದೊಂದು ಬಾಕಿ ಎಂಬಂತೆ ಜಗಳವಾಡುತ್ತಿದ್ದರು.

ಜಗಳವೆಲ್ಲ ಒಂದೇ ಕಾರ್ಡಿನ ಬಗ್ಗೆ. ಸಾಲಿಗೆ ಸೇರದೆ, ತಲೆಯ ಮೇಲೊಂದು ಪ್ರಶ್ನಾರ್ಥಕ ಚಿಹ್ನೆ ಹೊತ್ತು ಅದು ಮೇಲೆ ಒಂಟಿಯಾಗಿತ್ತು: ಅಂಬಿಗ ದೋಣಿ ಬಿಚ್ಚಿಕೊಂಡು ದ್ವೀಪ ಬಿಟ್ಟ ದಿನ. ಊರಿಗೆ ಬೆಂಕಿ ಬೀಳುವ ಮೊದಲೇ ಹೋಗಿದ್ದರೆ ಅವನು ನಿರಪರಾಧಿ. ಆಮೇಲೆ ಹೋಗಿದ್ದರೆ ಜನರನ್ನು ಉರಿಯಲು ಬಿಟ್ಟು ಓಡಿದ ದ್ರೋಹಿ. ಮೊದಲೇ ಹೋಗಿದ್ದಾನೆಂದು ಟೈಮ್‌ಕೀಪರನ ಮನಸ್ಸು ಹೇಳುತ್ತಿತ್ತು. ಆಟಕ್ಕೆ ಕಾಲಿಟ್ಟ ಮೊದಲ ದಿನ ದಡದಲ್ಲಿ ದೋಣಿ ಹಿಡಿದು ತನಗಾಗಿ ಕಾದು ನಿಂತವನು ಆ ಅಂಬಿಗ. ಅವನ ಬದುಕಿನಲ್ಲಿ ಇನ್ನಾರೂ ಹಾಗೆ ಕಾದಿರಲಿಲ್ಲ, ಬಸ್ಸಂತೂ ಇಲ್ಲವೇ ಇಲ್ಲ. ಆದರೆ ಸಾಕ್ಷಿಯಿರಲಿಲ್ಲ. ಕಣ್ಣಾರೆ ಕಾಣದೆ ಬಸ್ಸು ಬಂತೆಂದು ಬರೆಯುವ ಜಾಯಮಾನ ಅವನದಲ್ಲ.

ಅನಾಹುತವಾದ ದಿನ ಸಂಜೆ ಆಟಗಳ ಕತೆ ಬರೆಯುವ ಲೇಖಕಿಯೇ ವಿಡಿಯೋ ಕಾಲಿನಲ್ಲಿ ಗೋಡೆ ನೋಡಲು ಒಪ್ಪಿದ್ದಳು. ಅಂಬಿಗನ ತೀರ್ಪು ಅಂದೇ ಆಗಬೇಕಿತ್ತು.

“ಅಮ್ಮ ಬರ್ತಿದಾಳೆ ಇವತ್ತು,” ಎಂದಳು ಹೆಂಡತಿ ಬೆಳಿಗ್ಗೆ.

“ಬರ್ಲಿ. ಫ್ಯಾನ್ ಒಂದು ಮುಟ್ಟದೆ ಇದ್ರೆ ಸಾಕು.”

ಮಧ್ಯಾಹ್ನ ಡಿಪೋಗೆ ಫೋನು ಬಂತು. “ರೀ, ಗಾಬರಿ ಆಗ್ಬೇಡಿ. ಅಮ್ಮ ಸೆಕೆ ಅಂತ ಟೇಪ್ ಕಿತ್ತು ಫ್ಯಾನ್ ಹಾಕಿಬಿಟ್ಲು.”

ಟೈಮ್‌ಕೀಪರ್ ಕೂಗಿಕೊಂಡ. “ರಾಣಿ ಎಲ್ಲಿ ಬಿದ್ದಿದಾಳೆ? ಮುಟ್ಟಬೇಡ ಅವಳನ್ನ. ಬೆಂಕಿಗೆ ಸಿಕ್ಕಿ ಸತ್ತೋರನ್ನೆಲ್ಲ ಒಂದು ಕಡೆ ಮಾಡು. ನಾನು ಬಂದೆ.”

ಫೋನಿಟ್ಟು ತಿರುಗಿದರೆ ಡಿಪೋಗೆ ಡಿಪೋವೇ ಹಿಂದೆ ನಿಂತಿತ್ತು. ಕಂಡಕ್ಟರೊಬ್ಬ ತೋಳು ಹಿಡಿದು ಕೂರಿಸಿದ. ಮೆಕ್ಯಾನಿಕ್ಕು ನೀರು ತಂದ. “ಎಷ್ಟು ಜನ?” ಎಂದು ಮ್ಯಾನೇಜರು ತಗ್ಗಿದ ದನಿಯಲ್ಲಿ ಕೇಳಿದರು.

“ಸಾರ್, ಅದು ಆಟದಲ್ಲಿ...”

“ಆಟ ಆಡ್ತಿದ್ದ ಮಕ್ಕಳಾ?” ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. “ಈ ಸ್ಥಿತೀಲಿ ಒಬ್ಬನೇ ಕಳಿಸೋಕಾಗಲ್ಲ. ಜೀಪು ಬರ್ಲಿ.”

ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದುಃಖದಲ್ಲಿ ಏನೇನೋ ಬಡಬಡಿಸುತ್ತಿದ್ದಾನೆಂದು ಬೆಂಚಿನ ಮೇಲೆ ಮಲಗಿಸಿದರು. ಜೀಪು ಬಂದಾಗ ಬಿಸಿಲು ಇಳಿದಿತ್ತು. ಅದರಲ್ಲಿ ಮೂವರು ಸಂತಾಪ ಸೂಚಿಸಲು ಹತ್ತಿಕೊಂಡರು. ಮನೆಮುಂದೆ ಅತ್ತೆ ನಗುನಗುತ್ತ ನಿಂತದ್ದನ್ನು ಕಂಡು ಬೇಸರದಿಂದ ವಾಪಸು ಹೋದರು.

ಒಳಗೆ ಹೋದವನಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಗೋಡೆ ತುಂಬಿತ್ತು. ರಾಣಿ ತನ್ನ ತೊಟ್ಟಿಲಿಂದ ತನ್ನ ಚಿತೆಯವರೆಗೆ ಸರಿಯಾಗಿಯೇ ಸಾಗಿದ್ದಳು.

“ವರ್ಷಗಟ್ಟಲೆ ಧೂಳು ಒರೆಸಿದೋಳು ನಾನು. ಕಣ್ಣು ಮುಚ್ಕೊಂಡು ಹೇಳ್ತೀನಿ,” ಎಂದಳು ಹೆಂಡತಿ. ಅವನಿಗೆ ಅವಳ ಮೇಲೆ ನಿಜವಾಗಿಯೂ ಪ್ರೀತಿ ಉಕ್ಕಿತು.

“ಸಾಲು ಓರೆಯಿತ್ತಪ್ಪ, ಸ್ಕೇಲ್ ಹಿಡಿದು ನೆಟ್ಟಗೆ ಮಾಡಿದೀನಿ,” ಎಂದರು ಸಹಾಯಕ್ಕೆ ಬಂದಿದ್ದ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು. “ಒಂದರ ಮೇಲೆ ಪ್ರಶ್ನಾರ್ಥಕ ಚಿಹ್ನೆ ಇತ್ತು. ಅನಾವಶ್ಯಕ. ಅಳಿಸಿದೆ.”

ಅವನ ಕಣ್ಣು ಮೇಲಕ್ಕೆ ಹೋಯಿತು. ಅಂಬಿಗ ಅಲ್ಲಿರಲಿಲ್ಲ. ಕೆಳಗೆ, ಸಾಲಿನಲ್ಲಿ, ಬೆಂಕಿಯ ಬಲಕ್ಕೆ ನಿಂತಿದ್ದ.

“ಅದೊಂದು ಎಲ್ಲಿ ಅಂತ ಇವಳಿಗೆ ತಿಳೀಲಿಲ್ಲ. ನಾನೇ ಹಾಕ್ದೆ,” ಎಂದರು ಅತ್ತೆ. “ಇನ್ನು ಹಾರಲ್ಲ ಬಿಡಿ ಅಳಿಯಂದ್ರೇ. ಹಿಟ್ಟು ಕುದಿಸಿ ಗಟ್ಟಿ ಅಂಟು ಮಾಡಿದೀನಿ.”

ಅವನು ಉಗುರಿನಿಂದ ಕಾರ್ಡಿನ ಅಂಚು ಕೆರೆದ. ಗೋಡೆಯ ಸುಣ್ಣ ಬಂತು, ಕಾರ್ಡು ಬರಲಿಲ್ಲ. ಅಷ್ಟರಲ್ಲಿ ಕಂಪ್ಯೂಟರು ರಿಂಗಾಯಿತು.

ಲೇಖಕಿ ನಡುವಯಸ್ಸಿನವಳು, ನಿದ್ದೆಗೆಟ್ಟ ಮುಖ. ಗೋಡೆಯನ್ನು ಬಹಳ ಹೊತ್ತು ನೋಡಿದಳು. “ಅಂತೂ ಅಂಬಿಗನನ್ನ ಕೂರಿಸಿದ್ರಿ,” ಎಂದಳು.

“ಇಲ್ಲ ಮೇಡಂ, ಅದು ನಾನಲ್ಲ, ನಮ್ಮತ್ತೆ. ತಪ್ಪಾಗಿದೆ.”

“ಏನು ತಪ್ಪು?” ಅತ್ತೆ ಅವನನ್ನು ಸರಿಸಿ ಪರದೆಯ ಮುಂದೆ ಬಂದರು. “ಬೆಂಕಿಗಿಂತ ಮುಂಚಿನ ಚಿತ್ರದಲ್ಲಿ ಈ ಅಂಬಿಗನಿಗೆ ಎದೆ ಮುಟ್ಟೋ ಗಡ್ಡ ಇದೆ. ದೋಣಿ ಚಿತ್ರದಲ್ಲಿ ಅರ್ಧ ಗಡ್ಡ, ಅದೂ ತುದಿ ಸೊಟ್ಟ. ಸುಟ್ಟಿದೆ ಅದು. ಬೆಂಕಿ ಆದ್ಮೇಲೇ ಓಡಿದಾನೆ ಪಾಪಿ.”

ಲೇಖಕಿ ಮುಂದಕ್ಕೆ ಬಾಗಿ ನೋಡಿದಳು. “ಗಡ್ಡ,” ಎಂದು ಗೊಣಗಿ ಏನೋ ಬರೆದುಕೊಂಡಳು. “ನಮ್ಮಲ್ಲಿ ಯಾರೂ ಗಮನಿಸೇ ಇರ್ಲಿಲ್ಲ. ಹಾಗೇ ಇರ್ಲಿ.”

“ಹಾಗೇ ಇರ್ಲಿ ಅಂದ್ರೆ?” ಟೈಮ್‌ಕೀಪರ್ ಪರದೆಯ ಹತ್ತಿರ ನುಗ್ಗಿದ. “ನಿಜ ಏನು ಅಂತ ನಿಮಗೆ ಗೊತ್ತಿರ್ಬೇಕಲ್ಲ.”

ಲೇಖಕಿ ಸುಸ್ತಾದವಳಂತೆ ನಕ್ಕಳು. “ನಮಗೆಲ್ಲಿಂದ ಗೊತ್ತಿರ್ಬೇಕು ಸಾರ್? ಶುರುವಲ್ಲಿ ಬರೆದೋರೆಲ್ಲ ಕೆಲಸ ಬಿಟ್ಟು ಹೋಗಿದಾರೆ. ನಾಲ್ಕನೇ ಆಟದಿಂದ ನಿಮ್ಮ ಗೋಡೆ ಫೋಟೋ ನೋಡ್ಕೊಂಡೇ ನಾವು ಕತೆ ಮಾಡೋದು. ಅಂಬಿಗನ ಮೇಲೆ ನೀವು ಪ್ರಶ್ನೆ ಹಾಕಿದ್ರಿ, ಹಾಗಾಗಿ ಮುಂದಿನ ಆಟ ನಿಂತೇ ಹೋಗಿತ್ತು. ನೀವು ಯಾವ ಕಡೆ ಇಟ್ರೂ ಆ ಕಡೆಗೆ ಬರೆಯೋರಿದ್ವಿ. ಇವತ್ತು ದಾರಿ ಆಯ್ತು. ಅವನನ್ನೇ ಖಳನಾಯಕ ಮಾಡ್ತೀವಿ. ಅಮ್ಮ, ನಿಮಗೆ ತುಂಬಾ ಥ್ಯಾಂಕ್ಸ್.”

ಪರದೆ ಕಪ್ಪಾಯಿತು. ಟೈಮ್‌ಕೀಪರ್ ಗೋಡೆಯ ಮುಂದೆ ಹೋಗಿ ನಿಂತ. ಇಷ್ಟು ವರ್ಷಗಳಲ್ಲಿ ಯಾವುದಾದರೊಂದು ದಿನ, ಡಿಪೋಗೆ ಹೊರಡುವ ಮುಂಚೆ, ಆ ಕಾರ್ಡನ್ನು ಬೆಂಕಿಯ ಎಡಕ್ಕೆ ತಗುಲಿಸಿದ್ದರೆ ಅಂಬಿಗ ಉಳಿಯುತ್ತಿದ್ದ. ಅವನು ದಡದಲ್ಲಿ ಕಾದ ಹಾಗೆಯೇ ಗೋಡೆಯ ಮೇಲೂ ಕಾದಿದ್ದ. ತಾನು ಮಾತ್ರ ಸಾಕ್ಷಿ ಸಾಕ್ಷಿ ಎಂದು ಕೂತುಬಿಟ್ಟಿದ್ದ.

“ಇನ್ನು ಫ್ಯಾನ್ ಹಾಕ್ಬಹುದಲ್ಲ?” ಎಂದರು ಅತ್ತೆ.

ತಾವೇ ಸ್ವಿಚ್ಚು ಒತ್ತಿದರು. ಫ್ಯಾನು ಜೋರಾಗಿಯೇ ತಿರುಗಿತು. ಒಂದು ಕಾರ್ಡೂ ಅಲುಗಲಿಲ್ಲ. ಹೆಡ್‌ಮಾಸ್ತರು ಅಂಗಿಯ ಗುಂಡಿ ಬಿಚ್ಚಿಕೊಂಡು, ಗಾಳಿ ಚೆನ್ನಾಗಿದೆ ಎಂದರು.