ಫರಸಿಯ ಮ್ಯಾಲಿನ ರಾಕೇಟು

ಮಂಗಳಗ್ರಹದಾಗ ಖರೇನೇ ಮಂದಿ ಇದ್ದು, ಅವರು ಭೂಮಿಗೆ ಇಳದು ಮಾನನಷ್ಟದ ಕೇಸು ಹಾಕೋದಾದ್ರ, ಮೊದಲನೇ ಆರೋಪಿ ಯಾರಂತ ತಿಳದೀರಿ? ವಾಡಿಯಾಗ ಇರೋ ನಮ್ಮ ಕಾಕಾ! ನಮ್ಮಪ್ಪನ ಖಾಸ ತಮ್ಮ. ಆ ಬಡಪಾಯಿ ಮಂಗಳದವರಿಗೆ ಕಿವಿ ಇರೋ ಜಾಗಾದಾಗ ಕೊಂಬು, ಹಣಿ ಇರೋ ಜಾಗಾದಾಗ ಮೂರನೇ ಕಣ್ಣು, ಕಾಲು ಇರೋ ಜಾಗಾದಾಗ ಬರೇ ಹೊಗಿ ಹಚ್ಚಿ, ಸ್ಟೇಷನ್ನಿನ ಬುಕ್‌ಸ್ಟಾಲಿನಾಗ ಕ್ಲಿಪ್ ಹಾಕಿ ತೂಗಬಿಟ್ಟ ಮಹಾನುಭಾವರು ಇವರೇ. ಕಾಲಿನ ಜಾಗಾದಾಗ ಹೊಗಿ ಯಾಕಂದ್ರ, ಕಾಕಾಗ ಕಾಲಿನ ಚಿತ್ರ ತಗೀಲಿಕ್ಕ ಬರೋದಿಲ್ಲ. ಅಷ್ಟೇ. ಅದಕ್ಕ ವಿಜ್ಞಾನದ ಕಾರಣ ಹುಡುಕಬ್ಯಾಡ್ರಿ.

ಕಾಕಾನ ಅಸಲಿ ಕಸುಬು ಬೋರ್ಡು ಬರಿಯೋದು. ಚಿತ್ತಾಪುರದಿಂದ ಶಹಾಬಾದ ತನಕ ಕಿರಾಣಿ ಅಂಗಡಿ, ಹಲ್ಲಿನ ದವಾಖಾನಿ, ಲಾರಿ ಹಿಂಭಾಗ, ಎಲ್ಲಾ ಅವರದೇ ಕೈ. ಅದರ ಜೊತಿಗೆ ಕಲಬುರಗಿಯ ಪ್ರಕಾಶಕರೊಬ್ಬರಿಗೆ ಪಾಕೆಟ್ ಕಾದಂಬರಿಯ ಮುಖಪುಟ ತಗದು ಕೊಡ್ತಿದ್ರು. ‘ವೈಜ್ಞಾನಿಕ ಕಾದಂಬರಿ’ ಅಂತ ಮ್ಯಾಲ ಕೆಂಪು ಅಕ್ಷರದಾಗ ಇರ್ತಿತ್ತು. ಒಳಗ ವಿಜ್ಞಾನ ಎಷ್ಟಿತ್ತಂದ್ರ, ಕಡೀ ಪುಟದಾಗ ಕಳ್ಳ ಜೀಪಿನ ಬದಲಿ ರಾಕೇಟು ಹತ್ತಿ ಓಡತಿದ್ದ, ಅಷ್ಟು! ಲೇಖಕರು ಅಂಥಾವರು, ಪ್ರಕಾಶಕರು ಅಂಥಾವರು. ಅವರ ನಡುವ ನಮ್ಮ ಕಾಕಾ ಸಿಕ್ಕಿದ್ದು ಯೋಗಾಯೋಗ ಅನಬೇಕು.

ನಾ ಸೇಡಂದಾಗ ಹೈಸ್ಕೂಲಿಗೆ ವಿಜ್ಞಾನ ಕಲಸ್ತೀನಿ. ಆ ಹಳೇ ಕಾದಂಬರಿಗಳ ಒಂದು ಗಂಟು ನನ್ನ ಹತ್ರ ಅದ. ಮನಸ್ಸಿಗೆ ಬ್ಯಾಸರಾದಾಗ ಬಿಚ್ಚತೀನಿ. ಸ್ಟಾಫ್‌ರೂಮಿನಾಗ ಒಮ್ಮೆ ಬಿಚ್ಚಿದೆ ನೋಡ್ರಿ, ಗಣಿತದ ಮೇಡಂ ನಕ್ಕೂ ನಕ್ಕೂ ಬಾಯಾಗಿನ ಚಹಾ ಹಾಜರಿ ಪುಸ್ತಕದ ಮ್ಯಾಲ ಉಗುಳಿದ್ರು. ‘ಶನಿಗ್ರಹದ ಸೊಸಿ’ ಅಂತ ಒಂದು. ಅದರ ಮುಖಪುಟದಾಗ ನಾಯಕಿ ಇಳಕಲ್ ಸೀರಿ ಉಟ್ಟು, ತಲಿಮ್ಯಾಲ ಸೆರಗು ಹೊತ್ತು, ಸೆರಗಿನ ಮ್ಯಾಲ ಗಗನಯಾತ್ರಿಯ ಗಾಜಿನ ಬುರುಡಿ ಹಾಕ್ಕೊಂಡು ನಿಂತಾಳ. ಬಾಜೂಕ ನಾಯಕ. ಅವನ ಬುರುಡಿಯೊಳಗ ಹಣಿ ತುಂಬ ವಿಭೂತಿ! ಶನಿಗ್ರಹಕ್ಕ ಹೊಂಟವ ಜಳಕ, ಪೂಜಿ ಮುಗಿಸೇ ಹೊಂಟಾನ ಅನ್ನೋದು ಕಾಕಾನ ಲೆಕ್ಕ.

ಇನ್ನ ಆ ಪರಗ್ರಹದವರ ಹಲ್ಲು! ಮೈಯೆಲ್ಲಾ ಹುಣ್ಣು, ಮೂರು ಕಣ್ಣು, ಕೈಗೆ ಕೊಕ್ಕಿ. ಆದ್ರ ಹಲ್ಲು ಮಾತ್ರ ಬೆಳ್ಳಗ, ಸಾಲಾಗಿ, ಒಂದೂ ಹುಳುಕಿಲ್ಲ. ಎಲ್ಲಿಂದ ಬಂತು ಅಂತೀರಿ? ಹಲ್ಲಿನ ದವಾಖಾನಿ ಬೋರ್ಡು ಬರದೂ ಬರದೂ ಕೈಗೆ ಅದೊಂದೇ ಹಲ್ಲು ಕುಂತುಬಿಟ್ಟಿತ್ತು.

ನಾ ಒಮ್ಮೆ ಕಾಕಾನ ಮುಂದ ಕುಂತು ಖಡಕ್ಕಾಗಿ ಕೇಳಿದೆ. “ಕಾಕಾ, ಈ ರಾಕೇಟಿನ ಬೆಂಕಿ ಮುಂದಿಂದ ಯಾಕ ಬರ್ಲಿಕತ್ತದರಿ? ಹಿಂದಿಂದ ಬಂದ್ರ ರಾಕೇಟು ಮುಂದ ಹೋಗ್ತದ. ಇದು ಹಿಂದಕ್ಕ ಬಂದು ಸೀದಾ ಭೂಮಿಗೇ ಬಡೀತದ!”

ಕಾಕಾ ಕನ್ನಡಕ ಏರಿಸಿ ನೋಡಿದ್ರು. “ಹಿಂದ ಜಾಗಾ ಇರ್ಲಿಲ್ಲವ್ವಾ. ಅಲ್ಲೆ ಲೇಖಕರ ಹೆಸರು ಬರಬೇಕಿತ್ತು. ಬೆಂಕಿ ಹಚ್ಚಿದ್ರ ಅವರ ಹೆಸರು ಸುಡತದಲ್ಲ?”

ಐನ್‌ಸ್ಟೈನ್ ಬಂದ್ರೂ ಈ ಮಾತಿಗೆ ಉತ್ತರ ಕೊಡಂಗಿಲ್ಲ ಬಿಡ್ರಿ!

ಕಾಕಾ ಕೆಲಸ ಮಾಡೋ ಪದ್ಧತಿನೇ ಬ್ಯಾರೆ. ಕಾಗದದ ಮ್ಯಾಲ ಬೋರ್ಡಿನ ಬಣ್ಣ ಹಚ್ಚಿದ್ರ ಎಣ್ಣಿ ಹೀರಿ ಸುಕ್ಕಾಗ್ತದ. ಅದಕ್ಕ ಅವರು ಮುಖಪುಟ ತಗೀತಿದ್ದದ್ದು ಶಹಾಬಾದಿ ಫರಸಿಯ ಮ್ಯಾಲ! ಹೌದ್ರಿ, ನೆಲಕ್ಕ ಹಾಸತಾರಲ್ಲ, ಅದೇ ಕಲ್ಲು. ಗಣಿಯವರು ಒಡದ ಫರಸಿ ಪುಕ್ಕಟ ಕೊಡತಿದ್ರು. ಕಾಕಾ ಅದನ್ನ ತೊಳದು, ಗ್ವಾಡಿಗೆ ಆನಿಸಿ, ಮುಂದ ಕುಕ್ಕರುಗಾಲಲೆ ಕುಂತು ಗ್ರಹ, ನಕ್ಷತ್ರ, ರಾಕ್ಷಸ ತಗೀತಿದ್ರು. ಆಕಾಶಕ್ಕ ಬಣ್ಣನೇ ಇಲ್ಲ, ಕಲ್ಲಿನ ಬಣ್ಣನೇ ಆಕಾಶ. “ದೇವರು ಹಚ್ಚಿದ ಬಣ್ಣದ ಮ್ಯಾಲ ನಾ ಯಾಕ ಹಚ್ಚಲಿ?” ಅಂತಿದ್ರು. ಕಲಬುರಗಿಯಿಂದ ಫೋಟೋದವ ಬಂದು ಆ ಕಲ್ಲಿನ ಫೋಟೋ ಹೊಡಕೊಂಡು ಹೋಗ್ತಿದ್ದ. ಹಿಂಗಾಗಿ ಕಾಕಾನ ಅಂತರಿಕ್ಷದ ತುಂಬ ಬಿರುಕು, ಉಳಿ ಬಡದ ಗುರುತು. ಒಂದು ಕಾದಂಬರಿಯಾಗಂತೂ ಚಂದ್ರನ ಮಗ್ಗಲಿಗೆ ಗಣಿಯವರು ಸುಣ್ಣದಲೆ ಬರದ ಅಳತಿ ಹಂಗೇ ಅಚ್ಚಾಗಿಬಿಟ್ಟದ!

ಕಾದಂಬರಿ ಓದಿ ಮುಖಪುಟ ತಗೀತಿದ್ರೇನು? ಎಲ್ಲಿಂದ ಓದತಾರ್ರಿ! ಪ್ರಕಾಶಕರು ಬರೇ ಹೆಸರು ಹೇಳಿ ಕಳಸತಿದ್ರು. ಕಾದಂಬರಿ ಇನ್ನಾ ಬರದು ಮುಗದಿರತಿರಲಿಲ್ಲ. ಮುಖಪುಟದಾಗ ಎಂಟು ಕೈಯಿನ ಕಪ್ಪಿಯೊಂದು ರಾಕೇಟು ನುಂಗಲಿಕತ್ತದ, ಒಳಗ ನೋಡಿದ್ರ ಅಳಿಯ-ಮಾವನ ಆಸ್ತಿ ಜಗಳ.

ಬಣ್ಣ ಯಾಕ ಅಷ್ಟು ಕಣ್ಣಿಗೆ ಹೊಡೀತದ ಅಂದ್ರ ಅದಕ್ಕೂ ಕಾಕಾನ ಒಂದು ಸಿದ್ಧಾಂತ. “ವಾಡಿ ಜಂಕ್ಷನ್ನಿನಾಗ ಗಾಡಿ ನಿಂತಾಗ, ಒಳಗ ಕುಂತವಗ ಕಿಟಕಿಯಾಗಿಂದ ಪುಸ್ತಕ ಕಾಣಬೇಕು. ಕಂಡಕೂಡಲೇ ಅಂವಾ ಗಾಬರಿಯಾಗಿ ಇಳೀಬೇಕು.” ಗಾಬರಿಯಂತೂ ಖರೇ ಆಗತಿದ್ರು. ಇಳದು ಪುಸ್ತಕ ಕೊಳ್ಳತಿದ್ರೋ, ಬ್ಯಾರೆ ಡಬ್ಬಿಗೆ ಓಡತಿದ್ರೋ, ಅದು ಮಾತ್ರ ಯಾರೂ ವಿಚಾರ ಮಾಡಲಿಲ್ಲ.

ಕಾಕಾ ಯಾವ ಗ್ರಹ ನೋಡ್ಯಾರ? ಚಿಂಚೋಳಿ ಕಡಿ ಕೆಂಪು ಮಣ್ಣು ನೋಡ್ಯಾರ, ಅದು ಮಂಗಳ. ಶಹಾಬಾದಿನ ನೀರು ನಿಂತ ಗಣಿ ನೋಡ್ಯಾರ, ಅದು ಚಂದ್ರ. ಸನ್ನತಿಯಾಗ ಅಗದು ತಗದ ಮುರಕ ಮೂರ್ತಿ ನೋಡಿ ಬಂದವರೇ ಅದನ್ನ ಶನಿಗ್ರಹದಾಗ ಇಟ್ಟುಬಿಟ್ರು. ಶುಕ್ರಗ್ರಹದಾಗಂತೂ ಕಣ್ಣು ಹಾಯೋ ತನಕ ತೊಗರಿ ಹೊಲ! “ಯಾಕ್ರಿ ಕಾಕಾ, ಅಲ್ಲೆ ತೊಗರಿ ಬೆಳೀತದೇನು?” ಅಂದ್ರ, “ಮತ್ತ ಅಲ್ಲಿಯವರು ಬ್ಯಾಳಿ ಉಣ್ಣೋದು ಬ್ಯಾಡೇನು?” ಅಂದ್ರು.

ಒಮ್ಮೆ ಪ್ರಕಾಶಕರಿಗೆ ತಲಿ ಕೆಟ್ಟು, “ಈ ಸೆರಗಿನ ನಾಯಕಿ ಸಾಕು ಮಾಡ್ರಿ. ಮುಖಪುಟದಾಗ ಸ್ವಲ್ಪ ಗ್ಲಾಮರ್ ಬೇಕು, ಸ್ವಲ್ಪ ಮೈ ಕಾಣಬೇಕು” ಅಂತ ಹೇಳಿ ಕಳಸಿದ್ರಂತ. ಕಾಕಾ ಶರಣರ ಮನಿತನದವರು, ಕೊರಳಾಗ ಲಿಂಗ. ಪರಹೆಣ್ಣಿನ ಸೆರಗಿಗೆ ಕೈ ಹಚ್ಚತಾರೇನು? ಭಾಳ ವಿಚಾರ ಮಾಡಿದ್ರು. ಪುಸ್ತಕ ಬಂದಾಗ ನಾಯಕಿಯ ರವಿಕಿ ತೋಳು ಮುಂಗೈ ತನಕ ಉದ್ದಾಗಿತ್ತು. ಪ್ರಕಾಶಕರು ಸಿಟ್ಟಿಗೆದ್ದು ವಾಡಿಗೇ ಬಂದ್ರು. “ಗ್ಲಾಮರ್ ಎಲ್ಲದರಿ?”

“ನೋಡ್ರಿ ಸರಿಯಾಗಿ,” ಅಂದ್ರು ಕಾಕಾ. “ರಾಕ್ಷಸನ ಅಂಗಿ ತಗದೀನಿ!”

ಕೆಲಸ ಮುಗದ ಫರಸಿಗಳ ಗತಿ ಏನು? ಕಾಕು ಅಂದ್ರ ಕಾಕಾನ ಹೇಣ್ತಿ, ಭಾಳ ಹಿಕಮತ್ತಿನ ಹೆಣಮಗಳು. ಒಂದನ್ನೂ ಒಗೀಲಿಲ್ಲ, ಎಲ್ಲಾ ಬಚ್ಚಲಮನಿಗೆ ಹಾಸಿಸಿಬಿಟ್ಟಳು. ಅದೂ ಚಿತ್ರ ಮ್ಯಾಲ ಮಾಡಿ! ಬಣ್ಣ ಇದ್ದ ಕಡಿ ನೀರು ಇಂಗಂಗಿಲ್ಲ ಅಂತ. ಒಮ್ಮೆ ಮುಧೋಳದಿಂದ ಬಂದ ಬೀಗರೊಬ್ಬರು ಜಳಕಕ್ಕ ಹೋಗಿ, ಕಣ್ಣಾಗಿನ ಸಾಬೂನು ತೊಳಕೊಂಡು ಕೆಳಗ ನೋಡತಾರ, ಮೂರು ಕಣ್ಣು ಇವರನ್ನೇ ದಿಟ್ಟಿಸಿ ನೋಡ್ಲಿಕತ್ತಾವ! ಚೀರಿದ್ದು ಓಣಿಗೆಲ್ಲಾ ಕೇಳಿಸ್ತು. ಕಾಕು ಅಡಗಿಮನಿಯಿಂದಲೇ ಕೂಗಿದಳು. “ಹೆದರಬ್ಯಾಡ್ರಿ, ಅಂವಾ ಏನೂ ಮಾಡಂಗಿಲ್ಲ. ಭಾಳ ವರ್ಷ ಆತು ಇಲ್ಲೇ ಇದ್ದಾನ!”

ನಗೋದು ಇಷ್ಟು ದಿನ ನಡದಿತ್ತು. ಇತ್ತೀಚಿಗೆ ಪ್ಯಾಚಾಟ ನನ್ನ ಬುಡಕ್ಕೇ ಬಂತು. ನಾನೂ ಒಂದು ಕಾದಂಬರಿ ಬರದೆ. ಮಕ್ಕಳಿಗಂತ, ಖರೇ ವಿಜ್ಞಾನದ್ದು. ಒಬ್ಬ ಹುಡುಗಿ ಒಬ್ಬಾಕೇ ರಾಕೇಟಿನಾಗ ಭಾಳ ದೂರದ ಗ್ರಹಕ್ಕ ಹೋಗೋ ಕಥಿ. ಬೆಂಕಿ ಹಿಂದಿಂದ, ಎಲ್ಲಾ ಲೆಕ್ಕ ಸರಿಯಾಗಿ. ಕಲಬುರಗಿಯಾಗ ಬ್ಯಾರೆ ಒಬ್ಬ ಪ್ರಕಾಶಕರು ಒಪ್ಪಿಕೊಂಡು, ಕಂಪ್ಯೂಟರಿನಾಗ ಮುಖಪುಟನೂ ಮಾಡಿಸಿದ್ರು. ನೀಲಿ ಆಕಾಶ, ನಡುವ ಒಂದು ಸಣ್ಣ ಬೆಳಕು. ಭಾಳ ಸಭ್ಯ. ಯಾವ ಬ್ಯಾಂಕಿನ ಕ್ಯಾಲೆಂಡರಿಗೂ ಹೊಂದತದ. ನಾ ಖುಷಿಯಾಗಿದ್ದೆ.

ಸುದ್ದಿ ವಾಡಿ ಮುಟ್ಟಿತು ನೋಡ್ರಿ, ಕಾಕಾ ಫೋನು ಮಾಡಿದ್ರು. “ಮುಖಪುಟ ನಂದು. ನೀ ಹೂಂ ಅನ್ನಬ್ಯಾಡ, ಊಂಹೂಂ ಅನ್ನಬ್ಯಾಡ. ಕಥಿ ಕಳಸು, ಓದೇ ತಗೀತೀನಿ.” ಕಾಕಾ ಓದೋದೇ! ನನಗ ನಗು ಬಂತು, ನನ್ನ ಸಭ್ಯ ಮುಖಪುಟದ ಚಿಂತಿನೂ ಹತ್ತಿತು. ಕಳಸೋದೇನೋ ಕಳಸಿದೆ. ಮುಖಪುಟ ಬ್ಯಾಡ ಅಂತ ಹೇಳೋ ಧೈರ್ಯ ಫೋನಿನಾಗ ಬರಲಿಲ್ಲ.

ಆಮ್ಯಾಲ ಕಾಕು ಫೋನು ಮಾಡಿದಳು, ದನಿ ಸಣ್ಣದು ಮಾಡಿ. “ನೋಡವ್ವಾ, ಫ್ಲೆಕ್ಸ್ ಬಂದ ಮ್ಯಾಲ ಇವರನ್ನ ಯಾರೂ ಕರದಿಲ್ಲ. ಗೇಟಿನ ಮ್ಯಾಲ ಹೆಸರು ಬರಸಲಿಕ್ಕೂ ಒಬ್ಬರು ಬರಂಗಿಲ್ಲ. ಈಗ ನಿನ್ನ ಕೆಲಸ ಅಂತ ಬಣ್ಣದ ಡಬ್ಬಿ ತಗದು ಕುಂತಾರ. ಉಣ್ಣಾಕ ಕರದ್ರ ಏಳವಲ್ಲರು. ನಿನಗ ಬ್ಯಾಡಾದ್ರ ಬಂದು ಬಾಯಿಬಿಟ್ಟು ಹೇಳಿಬಿಡು. ಮುಗಿಸಿದ ಮ್ಯಾಲ ಹೇಳಬ್ಯಾಡ, ಆ ಮನುಷ್ಯಾ ತಡಕೊಳ್ಳಂಗಿಲ್ಲ.”

ಐತವಾರ ಸೇಡಂದಾಗ ಪ್ಯಾಸೆಂಜರ್ ಹತ್ತಿದೆ. ದಾರಿಯುದ್ದಕ್ಕೂ ಹೆಂಗ ಹೇಳೋದು ಅಂತ ಬಾಯಿಪಾಠ ಮಾಡಿದೆ. ಪ್ರಕಾಶಕರು ಒಪ್ಪಂಗಿಲ್ಲರಿ ಕಾಕಾ ಅನ್ನಲೇ? ಈಗ ಮಕ್ಕಳ ಅಭಿರುಚಿ ಬ್ಯಾರೆ ಅನ್ನಲೇ? ಚಿತ್ತಾಪುರ ದಾಟೋದ್ರಾಗ ಎರಡೂ ಸುಳ್ಳು ನನಗೇ ಪೊಳ್ಳು ಅನಿಸಿದ್ವು.

ಮನಿ ಮುಟ್ಟಿದ್ರ ಫರಸಿ ಪಡಸಾಲಿಯಾಗ ಗ್ವಾಡಿಗೆ ಆನಿಸಿ ನಿಂತಿತ್ತು, ಬಹಳಷ್ಟು ಮುಗದಿತ್ತು. ರಾಕೇಟು ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಇದ್ದಂಗೇ ಇತ್ತು, ಬಿಡ್ರಿ. ಅದರ ಬಾಗಲದಾಗ ಹುಡುಗಿ ಕುಂತಾಳ, ಎರಡು ಜಡಿ. ಅದೂ ಇರ್ಲಿ. ಆದ್ರ ಆಕಿ ಮಗ್ಗಲದಾಗ, ಮೂರು ಕಣ್ಣಿನ ದೊಡ್ಡದೊಂದು ಪ್ರಾಣಿ! ಹಲ್ಲು ಕಿಸಕೊಂಡು, ಆರಾಮಾಗಿ ಕುಂತಾನ.

ಬಾಯಿಪಾಠ ಮಾಡಿದ್ದೆಲ್ಲಾ ಮರತು ಹೋತು. ಸಿಟ್ಟು ಬಂತು. “ಏನ್ರಿ ಕಾಕಾ ಇದು! ಓದಿ ತಗೀತೀನಿ ಅಂದಿದ್ರಿ. ನನ್ನ ಕಥಿಯಾಗ ರಾಕ್ಷಸ ಎಲ್ಲಿದ್ದಾನ್ರಿ?”

“ರಾಕ್ಷಸ ಯಾರವ್ವಾ?” ಅಂದ್ರು ಕಾಕಾ. ಕುಂಚ ಕೈಯಾಗೇ ಇತ್ತು. “ಓದೀನಿ ನಾ. ತಿರುಗಿ ತಿರುಗಿ ಓದೀನಿ. ಆ ಹುಡುಗಿ ಅಷ್ಟು ದೂರ ಒಬ್ಬಾಕೇ ಹೊಂಟಾಳ. ಒಬ್ಬಾಕೇ ಉಣ್ಣತಾಳ, ಒಬ್ಬಾಕೇ ಮಕ್ಕೋತಾಳ. ಜ್ವರ ಬಂದ್ರೂ ತನ್ನ ಹಣಿ ತಾನೇ ಮುಟ್ಟಿ ನೋಡಕೋತಾಳ. ಮುಂದಿನ ಪುಟದಾಗ ಯಾರಾರ ಬರ್ತಾರ, ಮುಂದಿನ ಪುಟದಾಗ ಬರ್ತಾರ ಅಂತ ಓದಿದೆ. ಯಾರೂ ಬರಲಿಲ್ಲ. ಪುಸ್ತಕ ಮುಗದೇ ಹೋತು. ನನಗ ನಿದ್ದಿ ಹತ್ತಲಿಲ್ಲ. ಅದಕ್ಕ ಜೊತಿಗೆ ಒಬ್ಬವನ್ನ ಕಳಸೀನಿ. ನನಗ ತಗೀಲಿಕ್ಕ ಬರೋದು ಇವನೊಬ್ಬನೇ.”

ನಾ ಅಲ್ಲೇ ಹೊಸ್ತಿಲ ಮ್ಯಾಲ ಕುಂತೆ. ಅಪ್ಪನ ಹಿಂದ ಅವ್ವನೂ ಹೋದ ಮ್ಯಾಲ ಸೇಡಂದ ಆ ಬಾಡಿಗಿ ಮನಿಯಾಗ ನಾ ಒಬ್ಬಾಕೇ ಇದ್ದೀನಿ. ಬರೀವಾಗ ನಾ ಹುಡುಗಿ, ರಾಕೇಟು, ವೇಗ, ದೂರ ಇಷ್ಟೇ ವಿಚಾರ ಮಾಡಿದ್ದೆ. ಪ್ರಕಾಶಕರು ಓದಿ “ವೈಜ್ಞಾನಿಕ ನಿಖರತೆ ಚೊಲೊ ಅದ” ಅಂದಿದ್ರು. ಗಣಿತದ ಮೇಡಂ ಓದಿ ವೇಗದ ಲೆಕ್ಕ ತಪಾಸ ಮಾಡಿದ್ರು. ಅದು ಯಾರ ಕಥಿ ಅಂತ ಬರದಾಕಿ ನನಗೇ ಹೊಳದಿರಲಿಲ್ಲ. ಜನ್ಮದಾಗ ಎಂದೂ ಕಾದಂಬರಿ ಓದದೇ ಮುಖಪುಟ ತಗದ ಈ ಮನುಷ್ಯಾಗ ಹೊಳದಿತ್ತು. ಕಣ್ಣು ತುಂಬಿ ಬಂದ್ವು. ಒರಸಿಕೊಳ್ಳಲಿಲ್ಲ, ಅವರೂ ನೋಡಿದ್ರು.

“ಚೊಲೊ ಆಗಿಲ್ಲೇನವ್ವಾ?” ಅಂದ್ರು ಕಾಕಾ, ಭಾಳ ಮೆಲ್ಲಕ. “ಬ್ಯಾಡಂದ್ರ ಅಳಸತೀನಿ, ಬಣ್ಣ ಇನ್ನಾ ಹಸೀ ಅದ.”

“ಕೈ ಹಚ್ಚಬ್ಯಾಡ್ರಿ ಅದಕ್ಕ!” ಅಂತ ಚೀರಿದೆ. ಅಲ್ಲೇ ಕುಂತು ಪ್ರಕಾಶಕರಿಗೆ ಫೋನು ಹಚ್ಚಿದೆ. ಮುಖಪುಟ ಬದಲಾಗ್ತದರಿ, ಫೋಟೋ ಕಳಸತೀನಿ ಅಂದೆ. ಒಂದು ಹೊಸಾ ಅಧ್ಯಾಯನೂ ಬರ್ತದ, ತಡೀರಿ ಅಂದೆ.

“ಕಥಿ ಮುಗದದಲ್ರಿ ಮೇಡಂ,” ಅಂದ್ರು ಅವರು. “ಈಗ ಮತ್ತೇನು ಹೊಸಾದು?”

“ಹುಡುಗಿ ಜೊತಿಗೆ ಒಬ್ಬರು ಹೊಂಟಾರ್ರಿ,” ಅಂದೆ.